ಮನೆಯ ಕಂಪ್ಯೂಟರಿಗೆ ಯಜಮಾನರು ಎಷ್ಟು ಮಂದಿ?

ವಿಂಡೋಸ್ 95 ಅಥವಾ 98 ಇದ್ದ ಕಂಪ್ಯೂಟರ್ ಬಳಸಿದವರಿಗೆ ಆ ಪುಟ್ಟ ಪೆಟ್ಟಿಗೆ ನೆನಪಿದ್ದೀತು. ಯಂತ್ರ ಚಾಲೂ ಆದೊಡನೆ ಪರದೆಯ ನಡುವೆ ಅದು ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಗೊತ್ತಿಲ್ಲದವರು ಎಸ್ಕೇಪ್ ಕೀಲಿ ಒತ್ತಿದರೆ ಸಾಕು, ಪೆಟ್ಟಿಗೆ ಮಾಯವಾಗಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತಿತ್ತು. ಇದನ್ನು ಕಂಡುಕೊಂಡ ಹುಡುಗರು ಹ್ಯಾಕರುಗಳೇ ಆದೆವೆಂದು ಬೀಗುತ್ತಿದ್ದುದೂ ಉಂಟು. ಹ್ಯಾಕ್ ಮಾಡುವಂಥದ್ದು ಅಲ್ಲೇನೂ ಇರಲಿಲ್ಲ. ಆ ಪಾಸ್‌ವರ್ಡ್ ಇದ್ದದ್ದು ನೆಟ್‌ವರ್ಕಿಗೆ ಸೇರಲು, ಒಬ್ಬೊಬ್ಬರ ವಾಲ್‌ಪೇಪರು, ಮೆನುಗಳನ್ನು ನೆನಪಿಡಲು, ಅಷ್ಟೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುತ್ತಿದ್ದ ‘ಫ್ಯಾಟ್’ ಎಂಬ ವ್ಯವಸ್ಥೆಯಲ್ಲಿ ಒಂದು ಫೈಲು ಯಾರದೆಂದು ಬರೆದಿಡಲು ಜಾಗವೇ ಇರಲಿಲ್ಲ. ಒಡೆಯನ ಹೆಸರೇ ಇಲ್ಲದ ಮೇಲೆ ಬೀಗ ಹಾಕುವುದಾದರೂ ಯಾರ ಹೆಸರಿನಲ್ಲಿ?

ದೊಡ್ಡ ಯಂತ್ರಗಳ ಲೋಕದಲ್ಲಿ ಈ ಪ್ರಶ್ನೆ ಅದಕ್ಕೂ ಮೂರು ದಶಕ ಮೊದಲೇ ಎದ್ದಿತ್ತು. ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ‘ಸಿಟಿಎಸ್ಎಸ್’ ವ್ಯವಸ್ಥೆಯನ್ನು ಓಡಿಸಿ ತೋರಿಸಿದರು. ಒಬ್ಬೊಬ್ಬರಿಗೂ ಇಂತಿಷ್ಟೇ ಹೊತ್ತು ಎಂಬ ಲೆಕ್ಕವಿತ್ತು. ಲೆಕ್ಕ ಇಡಲು ಪಾಸ್‌ವರ್ಡುಗಳೂ ಬಂದವು. ಮರುವರ್ಷವೇ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಹೊತ್ತು ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡ. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಯಾರು ಏನೇನು ಮಾಡಬಹುದು ಎಂಬ ಕಟ್ಟುಪಾಡು ಬೇಕೆನ್ನಲು ಬೇರೆ ಪುರಾವೆ ಬೇಕಿರಲಿಲ್ಲ.

ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಶುರುವಾದ ಯುನಿಕ್ಸ್‌ನಲ್ಲಿ ಈ ಕಟ್ಟುಪಾಡಿಗೆ ಒಂದು ರೂಪ ಸಿಕ್ಕಿತು. ಅಲ್ಲಿ ‘ರೂಟ್’ ಎಂಬ ಒಬ್ಬನೇ ಸರ್ವಾಧಿಕಾರಿ, ಅವನ ಕ್ರಮಸಂಖ್ಯೆ ಸೊನ್ನೆ. ಉಳಿದವರೆಲ್ಲ ಸಾಮಾನ್ಯರು. ಆದರೆ ಒಂದು ತೊಡಕು. ಸಾಮಾನ್ಯನೊಬ್ಬ ತನ್ನ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕು, ಅದಿರುವ ಫೈಲಾದರೋ ರೂಟ್‌ನದು. ಯುನಿಕ್ಸ್ ಕಟ್ಟಿದವರಲ್ಲೊಬ್ಬನಾದ ಡೆನಿಸ್ ರಿಚಿ ಇದಕ್ಕೆ ಜಾಣ ದಾರಿ ಹುಡುಕಿದ: ಅಧಿಕಾರವನ್ನು ಮನುಷ್ಯನಿಗೆ ಕೊಡುವ ಬದಲು, ಆ ಒಂದು ಕೆಲಸ ಮಾಡುವ ಪ್ರೋಗ್ರಾಮಿಗೆ, ಅದು ಓಡುವಷ್ಟು ಹೊತ್ತು ಮಾತ್ರ ಕೊಡುವುದು. ಈ ಉಪಾಯದ ಪೇಟೆಂಟಿಗೆ 1973ರಲ್ಲಿ ಅರ್ಜಿ ಹೋಗಿ 1979ರಲ್ಲಿ ಮಂಜೂರಾಯಿತು. ಈ ನಡುವೆ, 1975ರಲ್ಲಿ, ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಬರೆದ ಪ್ರಬಂಧ ಇಂದಿಗೂ ಈ ವಿಷಯದ ಮೂಲಪಾಠ. ಯಾವ ಬಳಕೆದಾರನಿಗೇ ಆಗಲಿ, ಯಾವ ಪ್ರೋಗ್ರಾಮಿಗೇ ಆಗಲಿ, ಕೈಲಿರುವ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು, ಹೆಚ್ಚಿಗೆ ಕೂಡದು ಎಂಬುದು ಅದರ ಸೂತ್ರಗಳಲ್ಲೊಂದು.

ಪರ್ಸನಲ್ ಕಂಪ್ಯೂಟರಿಗೆ ಈ ಪಾಠ ತಲುಪಲೇ ಇಲ್ಲ. ಒಬ್ಬನೇ ಕೂರುವ ಮೇಜಿಗೆ ಕಾವಲೇಕೆ ಎಂಬುದು ಆಗಿನ ಎಣಿಕೆ. ವಿಂಡೋಸ್‌ಗೂ ಮೊದಲಿನ ಡಾಸ್‌ನಲ್ಲಿ ಬಳಕೆದಾರ ಎಂಬ ಕಲ್ಪನೆಯೇ ಇರಲಿಲ್ಲ. ಡೇವ್ ಕಟ್ಲರ್ ಮುಂದಾಳತ್ವದಲ್ಲಿ ಮೈಕ್ರೋಸಾಫ್ಟ್ 1993ರಲ್ಲಿ ತಂದ ವಿಂಡೋಸ್ ಎನ್‌ಟಿಯಲ್ಲಿ ಅಕೌಂಟು, ಅನುಮತಿ, ಒಡೆತನ ಎಲ್ಲ ಇದ್ದವು. ಅದು ಹೋಗಿದ್ದು ಕಚೇರಿಗಳಿಗೆ. ಮನೆಗೆ ಬರಲು 2001ರ ಅಕ್ಟೋಬರ್‌ವರೆಗೆ, ಅಂದರೆ ವಿಂಡೋಸ್ ಎಕ್ಸ್‌ಪಿವರೆಗೆ ಕಾಯಬೇಕಾಯಿತು.

ಬಂದದ್ದಾದರೂ ಹೇಗೆ? ಎಕ್ಸ್‌ಪಿ ಮೊದಲ ಸಲ ಚಾಲೂ ಆದಾಗ, ಈ ಕಂಪ್ಯೂಟರನ್ನು ಯಾರ‍್ಯಾರು ಬಳಸುತ್ತೀರಿ ಎಂದು ಕೇಳಿ ಐದು ಹೆಸರುಗಳಿಗೆ ಜಾಗ ಕೊಡುತ್ತಿತ್ತು. ಅಪ್ಪ, ಅಮ್ಮ, ಮಕ್ಕಳು ಎಂದು ಬರೆದರೆ ಅಷ್ಟೂ ಮಂದಿ ಪೂರ್ಣಾಧಿಕಾರದ ಅಡ್ಮಿನಿಸ್ಟ್ರೇಟರುಗಳು, ಯಾರಿಗೂ ಪಾಸ್‌ವರ್ಡಿಲ್ಲ. ಬೀರುವಿನ ಕೀಲಿಗೊಂಚಲನ್ನು ಮನೆಯ ಪ್ರತಿಯೊಬ್ಬರಿಗೂ, ಎಲ್ಲಕ್ಕಿಂತ ಚಿಕ್ಕ ಕೂಸಿಗೂ, ಒಂದೊಂದು ಪ್ರತಿ ಮಾಡಿಸಿ ಹಂಚಿದ ಹಾಗೆ.

‘ಲಿಮಿಟೆಡ್’ ಎಂಬ ಇನ್ನೊಂದು ಬಗೆಯ ಅಕೌಂಟೂ ಇತ್ತು. ಅದರಲ್ಲಿ ದಿನ ದೂಡಲು ಹೊರಟವರಿಗೆ ತಾಳ್ಮೆ ಬೇಕಿತ್ತು. ಆಟಗಳು ತಮ್ಮ ಅಂಕಗಳನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲೇ ಬರೆಯಲು ಹೋಗಿ ಮುಗ್ಗರಿಸುತ್ತಿದ್ದವು. ಲೆಕ್ಕಪತ್ರದ ಸಾಫ್ಟ್‌ವೇರುಗಳು ರಿಜಿಸ್ಟ್ರಿಯ ಆಯಕಟ್ಟಿನ ಜಾಗಕ್ಕೇ ಕೈಹಾಕುತ್ತಿದ್ದವು. ಕ್ಯಾಲೆಂಡರಿನ ಕಥೆ ಇನ್ನೂ ಸೊಗಸು. ಇವತ್ತು ಯಾವ ವಾರ ಎಂದು ನೋಡಲು ಪರದೆಯ ಮೂಲೆಯ ಗಡಿಯಾರದ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ, ಸಮಯ ಬದಲಿಸುವ ಅಧಿಕಾರ ನಿಮಗಿಲ್ಲ ಎಂದು ಎಕ್ಸ್‌ಪಿ ಗದರುತ್ತಿತ್ತು. ಸಮಯ ಬದಲಿಸಲು ಯಾರು ಕೇಳಿದ್ದರು? ಮೈಕ್ರೋಸಾಫ್ಟಿನ ಒಳಗೇ ಆರನ್ ಮಾರ್ಗೋಸಿಸ್‌ನಂಥ ಕೆಲವರು ಅಡ್ಮಿನ್ ಆಗದೆ ಬಾಳುವುದು ಹೇಗೆಂದು ವರ್ಷಗಟ್ಟಲೆ ಬರೆದರು, ಉಪಾಯಗಳನ್ನು ಹೇಳಿಕೊಟ್ಟರು. ಕೇಳಿಸಿಕೊಂಡವರು ಬಹುಪಾಲು ಅದೇ ವೃತ್ತಿಯವರು.

ಕರ್ನಾಟಕದ ಮನೆಗಳಿಗೆ ಈ ಅಭ್ಯಾಸ ಬಿಡಿಭಾಗಗಳ ಜೊತೆಗೇ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಊರಿನ ಅಂಗಡಿಯಲ್ಲೋ ಜೋಡಿಸಿಕೊಟ್ಟ ಯಂತ್ರದಲ್ಲಿ ‘ಅಡ್ಮಿನ್’, ‘ಯೂಸರ್’ ಎಂಬಂಥ ಹೆಸರಿನ ಒಂದೇ ಅಕೌಂಟು ಇರುವುದೇ ವಾಡಿಕೆಯಾಗಿತ್ತು. ಕನ್ನಡ ಓದಬೇಕೆಂದವರಿಗೆ ಅಡ್ಮಿನ್ ಆಗುವುದು ಇನ್ನಷ್ಟು ಅನಿವಾರ್ಯವಾಗಿತ್ತು. ‘ತುಂಗಾ’ ಫಾಂಟು ಎಕ್ಸ್‌ಪಿಯ ಜೊತೆಯಲ್ಲೇ ಬಂದಿತ್ತು, ಆದರೆ ಒತ್ತಕ್ಷರಗಳು ಸರಿಯಾಗಿ ಕೂರಲು ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಮೂಲ ಸಿ.ಡಿ. ಹಾಕಿ, ಭಾರತೀಯ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಸೇರಿಸಬೇಕಿತ್ತು. ಬರಹ, ನುಡಿಯಂಥ ಕನ್ನಡ ತಂತ್ರಾಂಶ ಹಾಕಿಕೊಳ್ಳಲೂ, ಒಂದು ಹೊಸ ಫಾಂಟ್ ಸೇರಿಸಲೂ ಅಡ್ಮಿನ್ ಆಗಿರಬೇಕಿತ್ತು. ತನ್ನ ಮಟ್ಟಿಗೆ ಒಂದು ಫಾಂಟ್ ಸೇರಿಸಿಕೊಳ್ಳುವ ಸ್ವಾತಂತ್ರ್ಯ ಸಾಮಾನ್ಯ ಬಳಕೆದಾರನಿಗೆ ಸಿಕ್ಕಿದ್ದು 2018ರಲ್ಲಿ, ವಿಂಡೋಸ್ 10ರ ಒಂದು ಅಪ್‌ಡೇಟಿನಿಂದ.

ಎಕ್ಸ್‌ಪಿಯ ಮೇಲೆ ವರ್ಮುಗಳ, ಸ್ಪೈವೇರಿನ ಹಾವಳಿ ಮಿತಿಮೀರಿದ ಮೇಲೆ ಮೈಕ್ರೋಸಾಫ್ಟ್ 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ತಂದಿತು. ಅದರಲ್ಲಿದ್ದ ‘ಯೂಸರ್ ಅಕೌಂಟ್ ಕಂಟ್ರೋಲ್’ ಪರದೆಯನ್ನೆಲ್ಲ ಮಬ್ಬಾಗಿಸಿ, ಇದನ್ನು ಮಾಡಲು ಬಿಡಲೇ ಎಂದು ಮಾತುಮಾತಿಗೆ ಕೇಳುತ್ತಿತ್ತು. ಜನ ಬೇಸತ್ತರು. ಪ್ರತಿ ಮಾತಿಗೂ ಅಡ್ಡಬಂದು ಅಪ್ಪಣೆ ಕೇಳುವ ಕಪ್ಪು ಕನ್ನಡಕದ ಅಂಗರಕ್ಷಕನೊಬ್ಬನನ್ನು ನಿಲ್ಲಿಸಿ ಆಪಲ್ ಒಂದು ಜಾಹೀರಾತನ್ನೇ ಮಾಡಿ ನಗಿಸಿತು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರ್‌ಎಸ್‌ಎ ಭದ್ರತಾ ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಸತ್ಯ ಹೇಳಿಬಿಟ್ಟರು: ಬಳಕೆದಾರರಿಗೆ ಕಿರಿಕಿರಿ ಮಾಡಲೆಂದೇ ಅದನ್ನು ಇಟ್ಟದ್ದಂತೆ.

ಉದ್ಧಟತನದಂತೆ ಕೇಳಿದರೂ ಆ ಮಾತಿನಲ್ಲಿ ಲೆಕ್ಕಾಚಾರವಿತ್ತು. ಬೈಗುಳ ನಿಜಕ್ಕೂ ತಲುಪಬೇಕಾದದ್ದು ಅನಗತ್ಯವಾಗಿ ಅಡ್ಮಿನ್ ಅಧಿಕಾರ ಕೇಳುತ್ತಿದ್ದ ಸಾಫ್ಟ್‌ವೇರ್ ತಯಾರಕರಿಗೆ. ಗಿರಾಕಿ ಗೊಣಗಿದರಷ್ಟೇ ಅವರು ತಿದ್ದಿಕೊಳ್ಳುವುದು. ಅಲ್ಲಿಯವರೆಗೆ ಹಳೆಯ ಪ್ರೋಗ್ರಾಮುಗಳು ನಿಂತುಹೋಗದಿರಲೆಂದು ವಿಸ್ಟಾ ಒಂದು ಸುಳ್ಳನ್ನೂ ಹೇಳುತ್ತಿತ್ತು. ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಬರೆಯಲು ಬಂದ ಹಳೆಯ ಸಾಫ್ಟ್‌ವೇರಿಗೆ ಆಯಿತು ಎಂದು ತಲೆಯಾಡಿಸಿ, ಆ ಫೈಲನ್ನು ಬಳಕೆದಾರನ ಸ್ವಂತ ಫೋಲ್ಡರಿನೊಳಗಿನ ಗುಪ್ತ ಜಾಗಕ್ಕೆ ಸಾಗಿಸುತ್ತಿತ್ತು. ಪ್ರೋಗ್ರಾಮಿಗೆ ಇದರ ಸುಳಿವೇ ಹತ್ತುತ್ತಿರಲಿಲ್ಲ. ಅಂದಹಾಗೆ, ಗಡಿಯಾರವನ್ನು ಕ್ಲಿಕ್ಕಿಸಿ ಕ್ಯಾಲೆಂಡರ್ ನೋಡುವ ಹಕ್ಕು ಎಲ್ಲರಿಗೂ ದಕ್ಕಿದ್ದು ವಿಸ್ಟಾದಲ್ಲೇ.

ಗೊಣಗಾಟ ಫಲ ಕೊಟ್ಟಿತು, ಸಾಫ್ಟ್‌ವೇರುಗಳು ಸುಧಾರಿಸಿದವು. 2009ರ ವಿಂಡೋಸ್ 7ರಲ್ಲಿ ಕಿರಿಕಿರಿಗೆ ನಾಲ್ಕು ಹಂತದ ಅಳತೆಪಟ್ಟಿ ಬಂತು. ಆದರೆ ಮನೆಗಳಲ್ಲಿ ಎಲ್ಲರೂ ಅಡ್ಮಿನ್ ಆಗಿರುವ ರೂಢಿ ಹಾಗೆಯೇ ಉಳಿಯಿತು. ಹೇಗೂ ಕೇಳುತ್ತದಲ್ಲ, ಸಾಕು ಎಂಬ ಸಮಾಧಾನ ಅದಕ್ಕೆ ಸೇರಿಕೊಂಡಿತು.

ಸಾಲದು. ಅಡ್ಮಿನ್ ಅಕೌಂಟಿನವರು ಲಾಗಿನ್ ಆದಾಗ ವಿಂಡೋಸ್ ಅವರಿಗೆ ಎರಡು ಗುರುತಿನ ಚೀಟಿ ಬರೆಯುತ್ತದೆ, ಒಂದು ಸಾಮಾನ್ಯರದು, ಇನ್ನೊಂದು ಪೂರ್ಣಾಧಿಕಾರದ್ದು. ದಿನದ ಕೆಲಸ ಮೊದಲನೆಯದರಲ್ಲಿ ನಡೆಯುತ್ತದೆ. ‘ಯೆಸ್’ ಒತ್ತಿದ ಗಳಿಗೆ ಎರಡನೆಯದು ಹೊರಬರುತ್ತದೆ. ಎರಡೂ ಒಬ್ಬನೇ ಮನುಷ್ಯನ ಕಿಸೆಯಲ್ಲಿರುವುದರಿಂದ, ಕೇಳದೆಯೇ ಎರಡನೆಯದನ್ನು ಎಳೆದುಕೊಳ್ಳುವ ದಾರಿಗಳನ್ನು ದುಷ್ಟ ಪ್ರೋಗ್ರಾಮುಗಳು ಮತ್ತೆ ಮತ್ತೆ ಹುಡುಕಿವೆ. ಹೀಗೆ ಕೇಳುವ ಏರ್ಪಾಡು ಭದ್ರತೆಯ ಗಡಿಯಲ್ಲ, ಒಂದು ಅನುಕೂಲ ಮಾತ್ರ ಎಂದು ಮೈಕ್ರೋಸಾಫ್ಟೇ ಹೇಳಿಕೊಂಡು ಬಂದಿದೆ. ಹಿಂದಿನ ‘ಲಿಮಿಟೆಡ್’ನ ಜಾಗದಲ್ಲಿರುವ ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಎರಡನೆಯ ಚೀಟಿಯೇ ಇಲ್ಲ. ಬೇಕೆಂದರೆ ಬೇರೊಬ್ಬರ, ಅಂದರೆ ಅಡ್ಮಿನ್‌ನ, ಪಾಸ್‌ವರ್ಡ್ ಬೆರಳಚ್ಚಿಸಬೇಕು. ಬೆರಳು ಚಟದಿಂದ ‘ಯೆಸ್’ ಒತ್ತಬಹುದು, ಪಾಸ್‌ವರ್ಡನ್ನು ಚಟದಿಂದ ಬೆರಳಚ್ಚಿಸುವುದು ಕಷ್ಟ.

ಬ್ರಿಟನ್ನಿನ ಅವೆಕ್ಟೊ ಎಂಬ ಕಂಪನಿ 2013ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಅತಿ ಗಂಭೀರ ದೋಷಗಳನ್ನು ಜಾಲಾಡಿ, ಅವುಗಳಲ್ಲಿ ಶೇ 92ರಷ್ಟರ ಹಾನಿಯನ್ನು ಅಡ್ಮಿನ್ ಅಧಿಕಾರ ತೆಗೆದರೆ ತಗ್ಗಿಸಬಹುದಿತ್ತು ಎಂದು ಲೆಕ್ಕ ಕೊಟ್ಟಿತು. ಆ ಕಂಪನಿ ಮಾರುತ್ತಿದ್ದುದೇ ಅಡ್ಮಿನ್ ಅಧಿಕಾರ ನಿಯಂತ್ರಿಸುವ ಸಾಫ್ಟ್‌ವೇರು, ಹಾಗಾಗಿ ಅಂಕಿಯನ್ನು ತುಸು ಉಪ್ಪು ಹುಳಿ ಕಳೆದೇ ಓದಬೇಕು. ಅಷ್ಟು ಕಳೆದರೂ ಉಳಿಯುವುದು ಸಣ್ಣ ಪಾಲಲ್ಲ.

ಎದುರು ವಾದವೂ ಇದೆ, ಅದು ಹುರುಳಿಲ್ಲದ್ದಲ್ಲ. ಎಕ್ಸ್‌ಕೆಸಿಡಿ ಚಿತ್ರಸರಣಿಯ ರಾಂಡಲ್ ಮನ್ರೋ 2013ರಲ್ಲಿ ಇದನ್ನು ಚುಚ್ಚಿ ತೋರಿಸಿದ್ದ: ತೆರೆದಿಟ್ಟ ಲ್ಯಾಪ್‌ಟಾಪ್ ಕದ್ದವನು ಈಮೇಲ್ ಓದಬಹುದು, ಹಣ ಎತ್ತಬಹುದು, ಆದರೆ ಪುಣ್ಯಕ್ಕೆ ಡ್ರೈವರ್ ಮಾತ್ರ ಇನ್‌ಸ್ಟಾಲ್ ಮಾಡಲಾರ! ನಿಜ. ಮದುವೆಯ ಫೋಟೊಗಳನ್ನು ಒತ್ತೆಯಿಡುವ ರ‍್ಯಾನ್ಸಮ್‌ವೇರಿಗೆ ಅಡ್ಮಿನ್ ಅಧಿಕಾರ ಬೇಕಿಲ್ಲ, ಫೋಟೊ ತೆರೆಯಬಲ್ಲ ಅಕೌಂಟು ಸಾಕು. ಆದರೆ ಅದು ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಹೊಕ್ಕರೆ ಪಕ್ಕದ ಅಕೌಂಟಿನಲ್ಲಿರುವ ಮಗಳ ಪ್ರಾಜೆಕ್ಟ್ ವರದಿಯನ್ನು ಮುಟ್ಟಲಾರದು. ಹಳೆಯ ಸ್ಥಿತಿಗೆ ಮರಳಲೆಂದು ವಿಂಡೋಸ್ ಇಟ್ಟಿರುವ ನೆರಳು ಪ್ರತಿಗಳನ್ನು ಅಳಿಸಲಾರದು. ರ‍್ಯಾನ್ಸಮ್‌ವೇರುಗಳು ಮೊದಲು ಅಳಿಸಲು ನೋಡುವುದೇ ಆ ಪ್ರತಿಗಳನ್ನು. ಇನ್ನು, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ನಾನು ಹೇಳಿದ್ದನ್ನು ಒತ್ತಿ ಎಂದು ಫೋನ್ ಮಾಡುವ ವಂಚಕರ ವಿಷಯ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ವಂಚಕನಿಗೆ ಒಳಗೆ ಬೇರೂರುವುದು ಕಷ್ಟ. ಅವರು ಬ್ಯಾಂಕಿನ ಒಟಿಪಿಯನ್ನೇ ಓದಿ ಹೇಳಿದರೆ ಯಾವ ಅಕೌಂಟೂ ಕಾಯದು, ಆ ಮಾತು ಬೇರೆ.

ಬದಲಾಯಿಸುವ ಕೆಲಸ ಕಾಲು ಗಂಟೆಯದು, ಆದರೆ ಯಾವುದು ಮೊದಲು ಎಂಬುದು ಮುಖ್ಯ. ಈಗ ಬಳಸುತ್ತಿರುವ ಅಕೌಂಟನ್ನು ಬಿಟ್ಟು ಹೊಸದಕ್ಕೆ ಹೋಗುವುದು ಬೇಡ, ಫೈಲುಗಳೆಲ್ಲ ಅದರಲ್ಲೇ ಇರುತ್ತವೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್‌ಗೆ ಹೋಗಿ ಹೊಸದೊಂದು ಅಕೌಂಟ್ ತೆರೆಯಬೇಕು. ಮೈಕ್ರೋಸಾಫ್ಟ್ ಅಕೌಂಟಿನ ಈಮೇಲ್ ಕೇಳಿದಾಗ, ಆ ವಿವರ ನನ್ನಲ್ಲಿಲ್ಲ ಎಂಬ ಆಯ್ಕೆ ಒತ್ತಿದರೆ ಈಮೇಲ್ ಇಲ್ಲದೆಯೂ ತೆರೆಯುವ ದಾರಿ ಮುಂದಿನ ಪುಟದಲ್ಲಿ ಸಿಗುತ್ತದೆ. ಅದಕ್ಕೆ ಗಟ್ಟಿ ಪಾಸ್‌ವರ್ಡ್ ಕೊಟ್ಟು, ಬಗೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಿ, ಒಮ್ಮೆ ಅದರಲ್ಲಿ ಲಾಗಿನ್ ಆಗಿ ನೋಡಬೇಕು. ಅಲ್ಲಿಂದಲೇ ಹಳೆಯ ಅಕೌಂಟನ್ನು ಸ್ಟ್ಯಾಂಡರ್ಡ್ ಯೂಸರ್‌ಗೆ ಇಳಿಸಿದರೆ ಮುಗಿಯಿತು.

ಲಾಗಿನ್ ಆಗಿ ನೋಡಿ ಎಂದದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಬಳಕೆಗೆ ಬರುವ ಅಡ್ಮಿನ್ ಒಬ್ಬರೂ ಉಳಿಯದಂತೆ ಹೇಗೋ ಆಗಿಬಿಟ್ಟರೆ, ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ‘ಯೆಸ್’ ಗುಂಡಿ ಮಸುಕಾಗಿ, ಒತ್ತಲು ‘ನೋ’ ಒಂದೇ ಇರುತ್ತದೆ. ಅಲ್ಲಿಂದ ಹೊರಬರುವುದು ದೊಡ್ಡ ರಗಳೆ. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಡುವುದರಲ್ಲಿ ತಪ್ಪೇನಿಲ್ಲ. ದೂರದಿಂದ ಬರುವ ಕಳ್ಳನಿಗೆ ಆ ಬೀರು ಎಟುಕದು.

ಆಮೇಲೆ ಏನು ಕಷ್ಟ? ಬಹುಪಾಲು ದಿನಗಳಲ್ಲಿ ಏನೂ ಇಲ್ಲ. ವೈಫೈ ಸೇರುವುದು, ಪ್ರಿಂಟ್ ತೆಗೆಯುವುದು, ಸಿನಿಮಾ ನೋಡುವುದು, ಆನ್‌ಲೈನ್ ತರಗತಿ ಯಾವುದಕ್ಕೂ ಅಡ್ಮಿನ್ ಬೇಡ. ಕ್ರೋಮ್‌ನಂಥ ಕೆಲವು ಪ್ರೋಗ್ರಾಮುಗಳು ಬಳಕೆದಾರನ ಸ್ವಂತ ಫೋಲ್ಡರಿನಲ್ಲೇ ನೆಲೆಸಬಲ್ಲವು, ಅದಕ್ಕೂ ಬೇಡ. ಇದರ ಇನ್ನೊಂದು ಮುಖವೆಂದರೆ ಬೇಡದ ಪ್ರೋಗ್ರಾಮುಗಳೂ ಅದೇ ದಾರಿಯಲ್ಲಿ ಬರಬಹುದು.

ಮ್ಯಾಕ್‌ನವರು ನಗುವಂತಿಲ್ಲ. ಅಲ್ಲಿಯೂ ಮೊದಲ ಅಕೌಂಟು ಅಡ್ಮಿನ್ನೇ. 2017ರ ನವೆಂಬರ್ 28ರಂದು ಟರ್ಕಿಯ ಡೆವಲಪರ್ ಲೆಮಿ ಓರ್ಹಾನ್ ಎರ್ಗಿನ್ ಟ್ವಿಟರಿನಲ್ಲಿ ಬರೆದದ್ದನ್ನು ಓದಿ ಲೋಕ ಬೆಚ್ಚಿತು. ಹೈ ಸಿಯೆರಾ ಆವೃತ್ತಿಯಲ್ಲಿ ಹೆಸರಿನ ಜಾಗದಲ್ಲಿ ‘ರೂಟ್’ ಎಂದು ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು ಒಂದೆರಡು ಸಲ ಒತ್ತಿದರೆ ಸರ್ವಾಧಿಕಾರ ಕೈಗೆ ಬರುತ್ತಿತ್ತು. ಆಪಲ್ ಮರುದಿನವೇ ತೇಪೆ ಹಾಕಿತು. ಉಬುಂಟು 2004ರ ತನ್ನ ಮೊದಲ ಆವೃತ್ತಿಯಿಂದಲೂ ರೂಟ್‌ಗೆ ನೇರ ಪ್ರವೇಶ ಕೊಡದೆ, ‘ಸುಡೊ’ ಎಂಬ ಆಜ್ಞೆಯ ಮೂಲಕ ಒಂದೊಂದೇ ಕೆಲಸಕ್ಕೆ ಅಧಿಕಾರ ಎರವಲು ಕೊಡುತ್ತ ಬಂದಿದೆ.

ಫೋನುಗಳಲ್ಲಿ ಮಾತು ಇನ್ನೂ ಮುಂದೆ ಹೋಗಿದೆ. ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್, ಪ್ರತಿ ಆ್ಯಪನ್ನೂ ಬೇರೆ ಬೇರೆ ಬಳಕೆದಾರನೆಂದೇ ಎಣಿಸಿ ಒಂದೊಂದು ಸಂಖ್ಯೆ ಕೊಡುತ್ತದೆ. ದುಡ್ಡು ಕೊಟ್ಟು ಫೋನ್ ಕೊಂಡವರಿಗೇ ಅಲ್ಲಿ ಅಡ್ಮಿನ್ ಪಟ್ಟವಿಲ್ಲ, ಅದರ ಬಗ್ಗೆ ಯಾರೂ ದೂರುವುದೂ ಇಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಅಧಿಕಾರ ಬಿಡಲು ಮನಸ್ಸಾಗದು.

ಮೈಕ್ರೋಸಾಫ್ಟ್ ಈಗ ಆ ಮನಸ್ಸನ್ನು ಬದಲಿಸುವ ಗೊಡವೆಗೆ ಹೋಗದೆ ಯಂತ್ರವನ್ನೇ ಬದಲಿಸಲು ಹೊರಟಿದೆ. 2024ರ ನವೆಂಬರಿನಲ್ಲಿ ಅದು ವಿಂಡೋಸ್ 11ಕ್ಕೆ ‘ಅಡ್ಮಿನಿಸ್ಟ್ರೇಟರ್ ಪ್ರೊಟೆಕ್ಷನ್’ ಎಂಬ ವ್ಯವಸ್ಥೆಯನ್ನು ಘೋಷಿಸಿತು. ಅದರಲ್ಲಿ ಅಡ್ಮಿನ್ ಎನಿಸಿಕೊಂಡವರೂ ದಿನವಿಡೀ ಸಾಮಾನ್ಯರೇ. ಇನ್‌ಸ್ಟಾಲ್‌ನಂಥ ಕೆಲಸ ಬಂದಾಗ ಮುಖವನ್ನೋ ಬೆರಳನ್ನೋ ಪಿನ್ನನ್ನೋ ತೋರಿಸಬೇಕು. ಆಗ ವಿಂಡೋಸ್ ತಾನೇ ಇಟ್ಟುಕೊಂಡ ಗುಪ್ತ ಅಕೌಂಟೊಂದರ ಹೆಸರಿನಲ್ಲಿ ಅಧಿಕಾರದ ಚೀಟಿ ಬರೆದು, ಕೆಲಸ ಮುಗಿದೊಡನೆ ಹರಿದು ಹಾಕುತ್ತದೆ. ಅದಿಲ್ಲದ ಯಂತ್ರಗಳಲ್ಲಿ ಸದ್ಯದ ಸ್ಥಿತಿ ತಿಳಿಯಲು ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ‘ಯುವರ್ ಇನ್ಫೊ’ ಪುಟ ತೆರೆದರಾಯಿತು. ಹೆಸರಿನ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಎಂದಿದ್ದರೆ, ಮೇಲೆ ಹೇಳಿದ ಕಾಲು ಗಂಟೆಯ ಕೆಲಸ ಇನ್ನೂ ಬಾಕಿ ಇದೆ.