ಧಾರವಾಡಕ್ಕೆ ಬರಬೇಕೆನ್ನುವ ಅಪ್ಪ-ಅಮ್ಮಂದಿರಿಗೆ

ಮಾರ್ಚ್, ಏಪ್ರಿಲ್ ಬಂತೆಂದರೆ ಧಾರವಾಡದ ಬಹಳಷ್ಟು ಮನೆಗಳಲ್ಲಿ ಒಂದೇ ಬಗೆಯ ಫೋನ್ ಮಾತುಕತೆ ನಡೆಯುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗ, ಸೊಸೆ, ತಂಗಿ ಯಾರಾದರೂ ಕೇಳುತ್ತಾರೆ: ಹುಡುಗನನ್ನು ಅಲ್ಲೇ ಶಾಲೆಗೆ ಹಾಕಿದರೆ ಹೇಗೆ? ನಾವೂ ಬಂದುಬಿಟ್ಟರೆ? ವಾರಕ್ಕೆರಡು ದಿನ ಆಫೀಸಿಗೆ ಹೋದರೆ ಸಾಕೆನ್ನುವ ಕಂಪನಿಗಳಿವೆ. 2023ರ ಜೂನ್‌ನಿಂದ ವಂದೇ ಭಾರತ್ ರೈಲು ಬೆಳಿಗ್ಗೆ ಬೆಂಗಳೂರು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಧಾರವಾಡ ಮುಟ್ಟಿಸುತ್ತಿದೆ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವೂ ಇದೆ. ಇಲ್ಲಿಂದ ಹೋಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಬರ್ರಿ, ಇಲ್ಲೆ ಭಾಳ ಆರಾಮ ಐತಿ.’

ಆ ಉತ್ತರದಲ್ಲಿ ಸುಳ್ಳಿಲ್ಲ. ಐದು ವರ್ಷದ ಮಗುವಿರುವ ಕುಟುಂಬಕ್ಕೆ ಮಾತ್ರ ಅಷ್ಟು ಸಾಲದು. ಆರಾಮ ಯಾರಿಗೆ, ಯಾವ ವಯಸ್ಸಿನವರೆಗೆ, ಅದರ ಬೆಲೆ ತೆರುವವರು ಯಾರು ಎಂಬುದನ್ನು ಬಿಡಿಸಿ ನೋಡಬೇಕು.

ಕಾಗದದ ಮೇಲೆ ಧಾರವಾಡ ಸಣ್ಣ ಊರೇನಲ್ಲ. 1962ರಲ್ಲಿ ಹುಬ್ಬಳ್ಳಿಯ ಜೊತೆ ಸೇರಿಸಿ ಒಂದೇ ಪಾಲಿಕೆ ಮಾಡಿದ್ದರಿಂದ 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ದಾಟಿತ್ತು. ಹುಬ್ಬಳ್ಳಿಯ ನೆರಳಿನಲ್ಲಿ ತಮ್ಮೂರು ಸೊರಗಿತೆಂದು ಇಲ್ಲಿಯವರು ದೂರುತ್ತಲೇ ಬಂದಿದ್ದರು. ಪ್ರತ್ಯೇಕ ಪಾಲಿಕೆಗೆ 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೆ ಮಗು ಊರನ್ನು ಅಳೆಯುವುದು ಬೇರೆ ರೀತಿ. ಮನೆಯಿಂದ ಶಾಲೆಗೆ, ಶಾಲೆಯಿಂದ ಬಯಲಿಗೆ, ಬಯಲಿನಿಂದ ಅಜ್ಜಿಯ ಮನೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಅಷ್ಟೇ ಅದರ ಲೆಕ್ಕ.

ಈ ಲೆಕ್ಕದಲ್ಲಿ ಧಾರವಾಡ ಗೆಲ್ಲುತ್ತದೆ, ನಿಸ್ಸಂಶಯವಾಗಿ. ಮಾಳಮಡ್ಡಿಯಲ್ಲಿ ಮನೆ ಹಿಡಿದರೆ ಕೆ.ಇ. ಬೋರ್ಡ್ ಶಾಲೆಗೆ ನಡೆದೇ ಹೋಗಬಹುದು. ಸಪ್ತಾಪುರದಲ್ಲಿದ್ದರೆ ಕರ್ನಾಟಕ ಕಾಲೇಜಿನ ಹಳೆಯ ಮರಗಳು ಸಂಜೆಯ ತಿರುಗಾಟಕ್ಕೆ ಹತ್ತಿರ. ಸಾಧನಕೇರಿಯ ಉದ್ಯಾನ, ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಆವರಣ, ಪ್ರಾದೇಶಿಕ ವಿಜ್ಞಾನ ಕೇಂದ್ರ, ನುಗ್ಗಿಕೇರಿ ಹನುಮಪ್ಪನ ಗುಡಿ, ಯಾವುದಕ್ಕೂ ಇಡೀ ದಿನ ಎತ್ತಿಡಬೇಕಿಲ್ಲ. ಬೆಂಗಳೂರಿನಲ್ಲಿ ಆರು ವರ್ಷದ ಮಗು ನಿದ್ದೆಗಣ್ಣಲ್ಲಿ ಶಾಲೆಯ ವ್ಯಾನು ಹತ್ತುತ್ತದೆ, ಅಪ್ಪ ಮನೆಗೆ ಬರುವ ಹೊತ್ತಿಗೆ ಮತ್ತೆ ನಿದ್ದೆ ಹೋಗಿರುತ್ತದೆ. ವಾರವಿಡೀ ಇಬ್ಬರೂ ಒಬ್ಬರನ್ನೊಬ್ಬರು ಎಚ್ಚರದಲ್ಲಿ ಕಾಣುವುದು ಬೆಳಗಿನ ಗಡಿಬಿಡಿಯಲ್ಲಿ ಮಾತ್ರ. ಇಲ್ಲಿ ಕೆಲಸ ಮುಗಿಸಿದವರು ಅರ್ಧ ತಾಸಿನೊಳಗೆ ಮನೆಯಲ್ಲಿರುತ್ತಾರೆ. ದಿನಕ್ಕೆ ಎರಡು ತಾಸು ಉಳಿದರೂ ಮಗುವಿನ ಮೊದಲ ಹತ್ತು ವರ್ಷದಲ್ಲಿ ಅದು ಎಷ್ಟಾಗುತ್ತದೆ ಎಂದು ಯೋಚಿಸಿ. ರಾತ್ರಿ ಒಟ್ಟಿಗೆ ಕೂತು ಉಣ್ಣುವ ಮನೆಯಲ್ಲಿ ಮಗು ಮಾತು ಕಲಿಯುವ ರೀತಿಯೇ ಬೇರೆ.

ಹಾಗೆಂದು ದೂರ ಕಡಿಮೆ ಇರುವ ಕಡೆಯೆಲ್ಲ ಮಗು ನಡೆಯುವುದಕ್ಕೆ ದಾರಿ ಇರುತ್ತದೆ ಎಂದು ತಿಳಿಯಬೇಡಿ. ಒಳರಸ್ತೆಗಳಲ್ಲಿ ಫುಟ್‌ಪಾತ್ ಇಲ್ಲ. ಇದ್ದರೆ ಅದರ ಮೇಲೆ ಬೈಕು ನಿಂತಿರುತ್ತದೆ. ಬೀದಿ ನಾಯಿಗಳ ಕಾಟ ನಮ್ಮ ಎಲ್ಲ ನಗರಗಳಂತೆ ಇಲ್ಲಿಯೂ ಇದೆ. ಹುಬ್ಬಳ್ಳಿ-ಧಾರವಾಡದ ನಡುವಿನ 22 ಕಿಲೋಮೀಟರ್ ಬಿಆರ್‌ಟಿಎಸ್ ದಾರಿಯಲ್ಲಿ ಚಿಗರಿ ಬಸ್ಸುಗಳು 2018ರ ಅಕ್ಟೋಬರಿನಿಂದ ಓಡುತ್ತಿವೆ. ದೊಡ್ಡವರಿಗೆ ಅದು ದೊಡ್ಡ ಅನುಕೂಲ. ಆದರೆ ಮನೆ ಆ ರಸ್ತೆಯ ಒಂದು ಬದಿಗೆ, ಶಾಲೆ ಇನ್ನೊಂದು ಬದಿಗೆ ಇದ್ದರೆ ಮಗು ದಿನಾ ಆ ಅಗಲ ರಸ್ತೆ ದಾಟಬೇಕು. ಮನೆ ಆರಿಸುವಾಗ ಇದೊಂದನ್ನು ನೋಡಿದರೆ ಮುಂದಿನ ಹತ್ತು ವರ್ಷದ ಆತಂಕ ತಪ್ಪುತ್ತದೆ. ಸಣ್ಣ ಊರಿನಲ್ಲಿ ಸಂಸಾರ ಸ್ಕೂಟರಿನ ಮೇಲೆ ನಡೆಯುತ್ತದೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕೂರಿಸಿಕೊಂಡರೆ ಹೆಲ್ಮೆಟ್ಟೂ ಸವಾರನಿಗೆ ಕಟ್ಟುವ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು ಕೇಂದ್ರದ ನಿಯಮವೇ ಇದೆ. 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ‘ಇಲ್ಲೇ ಹತ್ತಿರ ಅಲ್ಲೇನ್ರಿ’ ಎಂದು ಮಗುವನ್ನು ಬರಿತಲೆಯಲ್ಲಿ ಮುಂದೆ ನಿಲ್ಲಿಸಿಕೊಂಡು ಹೋಗುವ ರೂಢಿಯನ್ನು ದಯವಿಟ್ಟು ಕಲಿಯಬೇಡಿ.

ಇನ್ನು ನೀರು. ಧಾರವಾಡದ ಬಗ್ಗೆ ಯಾರು ಏನೇ ಹೇಳಲಿ, ನೀರಿನ ಮಾತನ್ನು ಬಿಟ್ಟು ಹೇಳಿದರೆ ಅದು ಪೂರ್ತಿ ಮಾತಲ್ಲ. ಊರಿಗೆ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭೆಯ ರೇಣುಕಾಸಾಗರದಿಂದ. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ದಿನದ 24 ತಾಸೂ ನೀರು ಕೊಡಲು ಶುರುಮಾಡಿದರು. ದೇಶದ ಬೇರೆ ಊರುಗಳವರು ಬಂದು ನೋಡಿ ಹೋದರು. ಉಳಿದ ವಾರ್ಡುಗಳಿಗೆ ಅದನ್ನು ಹಬ್ಬಿಸುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಹೀಗಾಗಿ ಒಂದು ಓಣಿಯಲ್ಲಿ ನಳ ಯಾವಾಗ ತಿರುಗಿಸಿದರೂ ನೀರು, ಇನ್ನೊಂದು ಓಣಿಯಲ್ಲಿ ದಿನ ಎಣಿಸುತ್ತ ಕಾಯುವುದು. ಬೇಸಿಗೆಯಲ್ಲಿ ಆ ಎಣಿಕೆ ವಾರವನ್ನೂ ದಾಟುತ್ತದೆ. ನಳ ಬರುವ ದಿನ ನಡುರಾತ್ರಿಯಾದರೂ ಎದ್ದು ನೀರಿನ ಹೌದ, ಸಿಂಟೆಕ್ಸು, ಬ್ಯಾರೆಲ್ಲು, ಕೊಡ ಎಲ್ಲ ತುಂಬಿಸಿಕೊಳ್ಳಬೇಕು.

ಇದು ಬರೀ ತೊಂದರೆಯ ವಿಷಯವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಇದರಲ್ಲಿ ಮಕ್ಕಳ ಆರೋಗ್ಯದ ಪ್ರಶ್ನೆಯಿದೆ. ಈ ಎರಡು ಬಗೆಯ ಓಣಿಗಳನ್ನೇ ಹೋಲಿಸಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅವಳಿ ನಗರದಲ್ಲಿ ಒಂದು ಅಧ್ಯಯನ ಮಾಡಿದರು. ಐದು ವರ್ಷದೊಳಗಿನ ಮಕ್ಕಳಿರುವ ಸುಮಾರು 3,900 ಮನೆಗಳನ್ನು ನೋಡಿ ಅವರು 2015ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಸಾಮಾನ್ಯ ಭೇದಿಯಲ್ಲಿ ಎರಡೂ ಕಡೆಯ ಮಕ್ಕಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಆದರೆ ಸತತ ನೀರಿರುವ ಕಡೆ ರಕ್ತಭೇದಿಯೂ ಟೈಫಾಯ್ಡೂ ಕಡಿಮೆ ಇದ್ದವು. ಅಂದರೆ ಸತತ ನೀರು ಎಲ್ಲ ಹೊಟ್ಟೆನೋವಿಗೂ ಪರಿಹಾರವಲ್ಲ, ಆದರೂ ಗಂಭೀರ ಕಾಯಿಲೆಗಳ ವಿಷಯದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮನೆ ನೋಡಲು ಹೋದಾಗ ಮೊದಲು ಕೇಳಬೇಕಾದದ್ದು ಬಾಡಿಗೆಯನ್ನಲ್ಲ, ನಳದ ಸುದ್ದಿಯನ್ನು. ಏಜೆಂಟರನ್ನು ಕೇಳಬೇಡಿ, ಪಕ್ಕದ ಮನೆಯ ಅಕ್ಕನವರನ್ನು ಕೇಳಿ. ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಟ್ಯಾಂಕರ್ ತರಿಸುತ್ತೀರಾ ಎಂದು ಕೇಳಿ. ಬರುವ ಮುಂಚೆ ಟೈಫಾಯ್ಡ್ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರ ಹತ್ತಿರ ಮಾತಾಡಿ.

ವೈದ್ಯರ ಮಾತು ಬಂತು. ಸಾಮಾನ್ಯ ಜ್ವರ, ನೆಗಡಿ, ಲಸಿಕೆಗೆ ಧಾರವಾಡದಲ್ಲಿ ವೈದ್ಯರ ಕೊರತೆಯಿಲ್ಲ. ಮಕ್ಕಳ ವೈದ್ಯರಿಗೆ ಮಗುವಿನ ಹೆಸರು ನೆನಪಿರುತ್ತದೆ. ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು ಆಸ್ಪತ್ರೆ ಎರಡೂ ಊರುಗಳ ನಡುವೆ ಇದೆ, ಹಿಂದೆ ಕಿಮ್ಸ್ ಎನ್ನುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ. ಎಷ್ಟೋ ಜಿಲ್ಲಾ ಕೇಂದ್ರಗಳಿಗೆ ಇಷ್ಟಿಲ್ಲ. ಚಿಂತೆ ಇರುವುದು ಬೇರೆ ಕಡೆ. ಮಗುವಿಗೆ ಮಾತು ತಡವಾಗಿದೆ, ಆಟಿಸಂ ಇದೆ, ಹುಟ್ಟಿನಿಂದ ಹೃದಯದ ತೊಂದರೆ ಇದೆ ಎಂದಾದರೆ ವಾರಕ್ಕೆ ಎರಡು ಮೂರು ಸಲ ನುರಿತ ತಜ್ಞರ ಕೈಗೆ ಮಗು ಸಿಗಬೇಕಾಗುತ್ತದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯಕ್ಕೆ ಉತ್ತರ ಕರ್ನಾಟಕವೇ ನೆಚ್ಚಿರುವ ಸರ್ಕಾರಿ ಸಂಸ್ಥೆ ಅದು. ಆದರೂ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಕೊಡುವವರ ಆಯ್ಕೆ ಬೆಂಗಳೂರು, ಮೈಸೂರಿನಷ್ಟು ಇಲ್ಲಿ ಸಿಗದು. ಅಂಥ ಅಗತ್ಯವಿರುವ ಮಗುವಿನ ಹೆತ್ತವರು ಥೆರಪಿಸ್ಟರನ್ನು ಗೊತ್ತುಮಾಡಿಕೊಂಡ ಮೇಲೇ ಮನೆ ಹುಡುಕಬೇಕು.

ಶಾಲೆಯ ಬಗ್ಗೆ ಜನ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ, ನನಗೆ ಅದು ಕಡಿಮೆ ಚಿಂತೆಯ ವಿಷಯ. 1837ರಲ್ಲಿ ಬಾಸೆಲ್ ಮಿಷನ್ನಿನವರು ಬಂದು ನೆಲೆನಿಂತ ಊರು ಇದು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1917ರಲ್ಲಿ ಕರ್ನಾಟಕ ಕಾಲೇಜು; ಆಮೇಲೆ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. ಬೇರೆ ಸಣ್ಣ ಊರುಗಳಲ್ಲಿ ಮಗು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಮತ್ತೆ ಗಂಟುಮೂಟೆ ಕಟ್ಟುವ ಮಾತು ಏಳುತ್ತದೆ. ಧಾರವಾಡಕ್ಕೆ ಪಿಯುಸಿಗೆಂದು ಸುತ್ತಲಿನ ಜಿಲ್ಲೆಗಳ ಮಕ್ಕಳೇ ಬಂದು ಸೇರುತ್ತಾರೆ. ಕನ್ನಡ ಮಾಧ್ಯಮದಲ್ಲೇ ಹೊಸ ರೀತಿಯಲ್ಲಿ ಕಲಿಸಬೇಕೆಂದು ಹೊರಟ ಬಾಲಬಳಗದಂಥ ಶಾಲೆ ಇಲ್ಲಿದೆ, ಕೇಂದ್ರೀಯ ವಿದ್ಯಾಲಯವಿದೆ, ಹೆಸರಾಂತ ಇಂಗ್ಲಿಷ್ ಶಾಲೆಗಳಿವೆ. ಹೆದರಿಕೆಯೆಂದರೆ ಒಂದೇ: ಸಪ್ತಾಪುರದ ಕೋಚಿಂಗ್ ಬೋರ್ಡುಗಳನ್ನು ದಿನಾ ನೋಡುವ ಊರಿನಲ್ಲಿ ಮೂರನೇ ತರಗತಿಯ ಮಗುವನ್ನೂ ಟ್ಯೂಷನ್ನಿಗೆ ಕಳಿಸುವ ಆತುರ ಹೆತ್ತವರಿಗೆ ಹತ್ತಿಕೊಳ್ಳುತ್ತದೆ. ಅದರ ಬದಲು ಮಗುವನ್ನು ತಬಲಾ ಕಲಿಸುವ, ಹಾಡು ಕಲಿಸುವ ಮನೆಯೊಂದಕ್ಕೆ ಕಳಿಸಿ. ಗಾಯಕರಾದ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಬದುಕಿದ ಊರು ಇದು. ಗುರುವಿನ ಮುಂದೆ ಕೂತು ಕಲಿಯುವ ಪದ್ಧತಿ ಇಲ್ಲಿ ಇನ್ನೂ ಉಳಿದಿದೆ.

‘ಯಾರ ಮನಿ ಹುಡುಗನಪಾ ನೀ?’ ಎಂದು ಓಣಿಯಲ್ಲಿ ಗುರುತಿಲ್ಲದ ಅಜ್ಜ ಮಗುವನ್ನು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಒಂದು ಕಾವಲಿದೆ. ಮಗು ದಾರಿ ತಪ್ಪಿದರೆ, ಬಿದ್ದರೆ, ಮನೆಗೆ ಕರೆದುಕೊಂಡು ಬರುವವರಿದ್ದಾರೆ. ಬಾಡಿಗೆ ಮನೆ ಕೇಳಲು ಹೋದಾಗ ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ: ‘ನಿಮ್ಮ ಅಡ್ಡಹೆಸರೇನ್ರಿ?’ ಅಡ್ಡಹೆಸರಿನಿಂದ ಜಾತಿ, ಜಾತಿಯಿಂದ ಅಡುಗೆಮನೆ. ಆಮೇಲೆ ಮನೆ ಸಿಗುತ್ತದೆ, ಅಥವಾ ‘ಈಗಷ್ಟೇ ಬ್ಯಾರೆಯವರಿಗೆ ಕೊಟ್ಟೇವ್ರಿ’ ಎಂಬ ಉತ್ತರ ಸಿಗುತ್ತದೆ. ದಲಿತ, ಮುಸ್ಲಿಂ ಕುಟುಂಬಗಳಿಗೆ ಇದು ಬೆಂಗಳೂರಿನಲ್ಲಿಯೂ ಹೊಸದಲ್ಲ. ಸಣ್ಣ ಊರಿನಲ್ಲಿ ಓಣಿಗಳು ಕಡಿಮೆ, ಹೀಗಾಗಿ ಬಾಗಿಲು ಮುಚ್ಚಿದ್ದು ಹೆಚ್ಚು ನೋಯಿಸುತ್ತದೆ. ಇದನ್ನು ಮುಚ್ಚಿಟ್ಟು ‘ಎಲ್ಲಾರೂ ಒಂದೇ ಮನೆಯವರ್ಹಂಗ’ ಎಂದು ಹೊಗಳುವುದು ತಪ್ಪು. ತಮ್ಮ ಮಗು ಯಾವ ಮನೆಯಲ್ಲಿ ಒಳಗೆ ಕೂತು ತಿನ್ನುತ್ತದೆ, ಯಾವ ಮನೆಯಲ್ಲಿ ಕಟ್ಟೆಯ ಮೇಲೆ ಕೂರುತ್ತದೆ ಎಂಬುದನ್ನು ಹೆತ್ತವರು ಗಮನಿಸಬೇಕಾದ ಕಾಲ ಇನ್ನೂ ಮುಗಿದಿಲ್ಲ. ಮನೆ ಹುಡುಕುವಾಗ ನೆನಪಿಡಬೇಕಾದ ಇನ್ನೊಂದು ಮಾತು: ಹೊಸ ಅಪಾರ್ಟ್‌ಮೆಂಟ್ ನೋಡುವವರು ಕಟ್ಟಡದ ಪರವಾನಗಿ, ನಕ್ಷೆ ಕೇಳಿ ನೋಡಲು ಸಂಕೋಚ ಪಡಬಾರದು. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣ ಕುಸಿದು 19 ಜನ ಸತ್ತರು.

ಎಲ್ಲಕ್ಕಿಂತ ಮುಖ್ಯವೆಂದು ನನಗನಿಸುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ‘ಮಕ್ಕಳಿಗಾಗಿ’ ಊರು ಬದಲಿಸುತ್ತೇವೆ ಎನ್ನುವ ಮನೆಗಳಲ್ಲಿ ಹೆಚ್ಚಿನ ಸಲ ಕೆಲಸ ಬಿಡುವವಳು ತಾಯಿ. ಗಂಡನ ಕಂಪನಿ ಮನೆಯಿಂದ ಕೆಲಸಕ್ಕೆ ಒಪ್ಪುತ್ತದೆ, ಅವಳದು ಒಪ್ಪುವುದಿಲ್ಲ. ‘ಅಲ್ಲೇ ಏನಾದರೂ ಹುಡುಕಿದರಾಯಿತು’ ಎನ್ನುತ್ತಾರೆ. ಧಾರವಾಡದಲ್ಲಿ ಕೆಲಸಗಳಿವೆ, ಆದರೆ ಅವು ಬೋಧನೆಗೆ, ಹೈಕೋರ್ಟ್ ಪೀಠದ ವಕೀಲಿಗೆ, ವೈದ್ಯಕೀಯಕ್ಕೆ, ಸರ್ಕಾರಿ ಕಚೇರಿಗಳಿಗೆ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಸೇರಿದವು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲೋ ಜಾಹೀರಾತಿನಲ್ಲೋ ಹನ್ನೆರಡು ವರ್ಷ ದುಡಿದವಳಿಗೆ ಇಲ್ಲಿ ಸಿಗುವುದು ಖಾಸಗಿ ಶಾಲೆಯ ಸಣ್ಣ ಸಂಬಳ. ಮೊದಲ ವರ್ಷ ಅವಳು ನಗುತ್ತಲೇ ಇರುತ್ತಾಳೆ. ಮಗು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅತ್ತೆ, ಮಾವ, ಬಂದು ಹೋಗುವವರ ಚಹಾ, ನಳದ ಪಾಳಿ. ಅವಳ ಗೆಳತಿಯರೆಲ್ಲ ಹಿಂದಿನ ಊರಲ್ಲಿ. ಎರಡನೆಯ ವರ್ಷಕ್ಕೆ ಮನೆಯ ಗಾಳಿ ಬದಲಾಗುತ್ತದೆ. ಅಪ್ಪ-ಅಮ್ಮನ ಮುಖ ಓದುವುದರಲ್ಲಿ ಐದು ವರ್ಷದ ಮಗುವನ್ನು ಮೀರಿಸಿದವರಿಲ್ಲ. ಯಾವ ಕೆರೆಯೂ, ಯಾವ ಬಯಲೂ ಆ ಕೊರತೆಯನ್ನು ತುಂಬುವುದಿಲ್ಲ.

ಹಾಗಾಗಿ ಊರು ಮಗುವಿಗೆ ಹೊಂದುತ್ತದೆಯೇ ಎಂದು ಕೇಳುವ ಮೊದಲು ತಾಯಿಗೆ ಹೊಂದುತ್ತದೆಯೇ ಎಂದು ಕೇಳಿ, ಅವಳನ್ನೇ ಕೇಳಿ, ಅತ್ತೆ-ಮಾವನ ಎದುರಿಗಲ್ಲದೆ ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಅಜ್ಜ-ಅಜ್ಜಿಯರನ್ನೂ ಕೇಳಬೇಕು. ಮೊಮ್ಮಕ್ಕಳು ಬರುತ್ತಾರೆಂದರೆ ಅವರು ಬೇಡ ಎನ್ನಲಾರರು. ಎಪ್ಪತ್ತರ ವಯಸ್ಸಿನಲ್ಲಿ ಇಡೀ ದಿನ ಮೂರು ವರ್ಷದ ಮಗುವಿನ ಹಿಂದೆ ಓಡಲು ಅವರ ಮೊಣಕಾಲಿಗೆ ಆಗುತ್ತದೆಯೇ ಎಂಬುದು ಬೇರೆ ಮಾತು. ಬೇಬಿ ಸಿಟ್ಟಿಂಗ್ ವ್ಯವಸ್ಥೆ ಇಲ್ಲಿ ಕಡಿಮೆ; ಅಜ್ಜಿ ಇದ್ದಾಳಲ್ಲ ಎಂಬುದೇ ಎಲ್ಲರ ಭರವಸೆ.

ದೀಪಾವಳಿಗೋ ಗಣೇಶನ ಹಬ್ಬಕ್ಕೋ ಬಂದು ಪೇಢೆ ತಿಂದು ತಂಪು ಗಾಳಿಯಲ್ಲಿ ತೀರ್ಮಾನ ಮಾಡಬೇಡಿ. ಮೇ ತಿಂಗಳಲ್ಲಿ ಬಂದು ನಿಲ್ಲಿ, ನೀರಿನ ನಿಜ ಗೊತ್ತಾಗುತ್ತದೆ. ಜೂನ್‌ನ ಜಿಟಿಜಿಟಿ ಮಳೆಯಲ್ಲಿ, ಶಾಲೆ ಶುರುವಾದ ವಾರ, ಎಂಟೂವರೆಗೆ ಶಾಲೆಯ ಗೇಟಿನ ಹತ್ತಿರ ನಿಂತು ನೋಡಿ. ಗಂಡ-ಹೆಂಡತಿ ಇಬ್ಬರೂ ಇಲ್ಲಿಂದಲೇ ಕೆಲಸ ಮಾಡಿ ನೋಡಿ. ಕರೆಂಟು ಹೋದಾಗ ಇಂಟರ್ನೆಟ್ ಎಷ್ಟು ಹೊತ್ತು ತಾಳುತ್ತದೆ ಎಂದು ತಿಳಿಯುತ್ತದೆ. ಮನೆ ಕೊಳ್ಳುವ ಮಾತು ಎರಡು ವರ್ಷ ಎತ್ತಬೇಡಿ, ಬಾಡಿಗೆಯಲ್ಲಿರಿ. ಹಿಂದಿನ ಊರಿನಲ್ಲಿ ಮನೆ ಇದ್ದರೆ ಮಾರಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಧಾರವಾಡದಷ್ಟು ಒಳ್ಳೆಯ ಊರುಗಳು ಕರ್ನಾಟಕದಲ್ಲಿ ಬಹಳ ಇಲ್ಲ. ಇಬ್ಬರ ಕೆಲಸವೂ ಉಳಿಯುವುದಾದರೆ, ನಳ ಸರಿಯಾಗಿ ಬರುವ ಓಣಿಯಲ್ಲಿ, ಮಗು ನಡೆದು ಹೋಗುವಷ್ಟು ದೂರದ ಶಾಲೆಯ ಹತ್ತಿರ ಮನೆ ಸಿಕ್ಕರೆ, ಧೈರ್ಯವಾಗಿ ಬನ್ನಿ. ಇಬ್ಬರಲ್ಲಿ ಒಬ್ಬರ ಬದುಕನ್ನು ನಿಲ್ಲಿಸಿ ಬರಬೇಕಾಗಿದ್ದರೆ ಈಗ ಬರಬೇಡಿ. ಇರುವ ಊರಿನಲ್ಲೇ ಶಾಲೆಯ ಹತ್ತಿರಕ್ಕೆ ಮನೆ ಬದಲಿಸಿ.