ಎದೆಯಲ್ಲಿ ಲೈಟು ಹತ್ತುವ ಬೊಂಬೆ

ಕೆಂಪು-ಬೆಳ್ಳಿ ಬಣ್ಣದ ಮೈ, ಮೊಟ್ಟೆಗಣ್ಣು, ಕೋಳಿ ಜುಟ್ಟಿನಂಥ ತಲೆ. ಗುಂಡಿ ಒತ್ತಿದರೆ ಎದೆಯಲ್ಲಿ ಲೈಟು. ಹಿಂದೂಪುರದ ನನ್ನ ಫ್ಯಾನ್ಸಿ ಅಂಗಡಿಯಲ್ಲಿ, ಕಲ್ಯಾಣದುರ್ಗದ ಕಡೆಯ ಜಾತ್ರೆಗಳಲ್ಲಿ ಈ ಬೊಂಬೆಯನ್ನು ಎಷ್ಟು ಮಾರಿದ್ದೇನೋ ಲೆಕ್ಕವಿಲ್ಲ. ಹೆಸರು ಹಿಡಿದು ಕೇಳಿದವರು ಮಾತ್ರ ಯಾರೂ ಇಲ್ಲ. "ಅಣ್ಣಾ, ಆ ಲೈಟು ಬೊಮ್ಮ ಎಷ್ಟು?" ಅಂತ ತೆಲುಗು-ಕನ್ನಡ ಬೆರೆಸಿ ಕೇಳುತ್ತಾರೆ. ತೆಲುಗು ಚಾನೆಲ್ ನೋಡಿ ಬೆಳೆದವರು "ಪವರ್ ರೇಂಜರ್" ಅನ್ನುವುದೂ ಉಂಟು.

ಅವನು ಪವರ್ ರೇಂಜರ್ ಅಲ್ಲ, ಅಲ್ಟ್ರಾಮ್ಯಾನ್. ಎಯ್ಜಿ ತ್ಸುಬುರಾಯಾ ಅವರ ಕಂಪನಿ 1966ರಲ್ಲಿ ಜಪಾನಿನ ಟಿವಿಗೆ ತಂದ 40 ಮೀಟರ್ ಎತ್ತರದ ವೀರ. ರಬ್ಬರ್ ಸೂಟು ತೊಟ್ಟ ನಟ ಪುಟಾಣಿ ಕಟ್ಟಡಗಳ ನಡುವೆ ರಾಕ್ಷಸನ ಜೊತೆ ಕುಸ್ತಿಗೆ ಬೀಳುತ್ತಿದ್ದ. ಭೂಮಿಯ ಮೇಲೆ ಅವನ ಆಟ ಮೂರೇ ನಿಮಿಷ. ಶಕ್ತಿ ಇಳಿದರೆ ಎದೆಯ ನೀಲಿ ದೀಪ ಕೆಂಪಗೆ ಮಿನುಗುತ್ತದೆ. ತೆಲುಗು ಚಿತ್ರನಟ ಎನ್‌ಟಿಆರ್ ಅವರನ್ನು ಮೂರು ಸಲ ಶಾಸಕರಾಗಿ ಗೆಲ್ಲಿಸಿದ ಊರು ನಮ್ಮದು, ಮುಗಿಲೆತ್ತರದ ಕಟೌಟು ನಮಗೇನು ಹೊಸದೇ? ಆದರೆ ಮೂರು ನಿಮಿಷಕ್ಕೆ ಸುಸ್ತಾಗುವ ಹೀರೋ ಇಲ್ಲಿ ನಡೆಯುತ್ತಿರಲಿಲ್ಲ ಬಿಡಿ.

ಮೊದಲು ಕಥೆ ಹುಟ್ಟಿ, ಬೊಂಬೆ ಅದರ ಹಿಂದೆ ಬಂತು. ಬರುಬರುತ್ತಾ ಬೊಂಬೆ ಮಾರಲೆಂದೇ ಕಥೆ ಹೆಣೆಯುವಂತಾಯಿತು. 2013ರ ಜುಲೈನಲ್ಲಿ ಶುರುವಾದ 'ಅಲ್ಟ್ರಾಮ್ಯಾನ್ ಗಿಂಗಾ'ದಲ್ಲಿ ವೀರರೂ ರಾಕ್ಷಸರೂ ಅಂಗೈಯಗಲದ ಬೊಂಬೆಗಳಾಗಿ ಹೋಗಿರುತ್ತಾರೆ. ಹಿಕಾರು ಎಂಬ ಹುಡುಗ ಕೈಯಲ್ಲಿರುವ 'ಗಿಂಗಾ ಸ್ಪಾರ್ಕ್' ಎಂಬ ಸಾಧನವನ್ನು ಬೊಂಬೆಯ ಪಾದಕ್ಕೆ ತಾಗಿಸಿದ ಕೂಡಲೇ ತಾನೇ ಆ ದೈತ್ಯನಾಗುತ್ತಾನೆ. ಅದೇ ಸ್ಪಾರ್ಕು, ಅದೇ ಬೊಂಬೆ ಬಂದಾಯ್ ಕಂಪನಿಯಿಂದ ಅಂಗಡಿಗೂ ಬಂದವು. ಬೊಂಬೆಗೆ ಆಗ 500 ಯೆನ್ ಇತ್ತು. ಪಾದದಲ್ಲಿ ಅಚ್ಚಾದ ಗುರುತನ್ನು ಓದಿ ಸ್ಪಾರ್ಕು ಸದ್ದು ಮಾಡುತ್ತದೆ. ಸ್ಪಾರ್ಕು ಕೊಂಡವನು ಒಂದೇ ಬೊಂಬೆಗೆ ಸುಮ್ಮನಿರುತ್ತಾನೆಯೇ? ಇನ್ನೊಂದಕ್ಕೆ ಬಂದೇ ಬರುತ್ತಾನೆ. ಆಮೇಲಿನ ಧಾರಾವಾಹಿಗಳಲ್ಲಿ ಬೊಂಬೆಯ ಜಾಗಕ್ಕೆ ಕಾರ್ಡು, ಕ್ಯಾಪ್ಸೂಲು, ಪದಕ ಬಂದವು. ವ್ಯಾಪಾರದ ವರಸೆ ಬದಲಾಗಲಿಲ್ಲ. ಕಸುಬಿನವನಾಗಿ ನನಗೆ ಹೊಟ್ಟೆಕಿಚ್ಚು, ಅಪ್ಪನಾಗಿ ಸಿಟ್ಟು.

ನಾನು ಚಿಕ್ಕವನಿದ್ದಾಗ ದೂರದರ್ಶನದಲ್ಲಿ ಜಪಾನಿನ 'ಜೈಂಟ್ ರೋಬಾಟ್' ಬರುತ್ತಿತ್ತು. ಕೈಗಡಿಯಾರದಲ್ಲಿ ಮಾತಾಡಿ ಹುಡುಗನೊಬ್ಬ ದೈತ್ಯ ರೋಬಾಟನ್ನು ಕರೆಯುತ್ತಿದ್ದ. ಆ ಬೊಂಬೆಗಾಗಿ ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಈಗಿನ ಮಕ್ಕಳ ಕೈಗೆ ಬೊಂಬೆ ಸಿಕ್ಕಿದೆ, ಕಥೆ ಸಿಕ್ಕಿಲ್ಲ. ಜಾಹೀರಾತಿಲ್ಲದೆ ಬಂದ ಚೀನಾದ ನಕಲಿ ಮಾಲು ಅದು. ಅದಕ್ಕೇ ಮಕ್ಕಳು ತಮ್ಮದೇ ಕಥೆ ಕಟ್ಟುತ್ತಾರೆ. ಪಾವಗಡ ಕಡೆಯಿಂದ ಜಾತ್ರೆಗೆ ಬಂದ ಹುಡುಗನೊಬ್ಬ ತಂಗಿಗೆ ಹೇಳುತ್ತಿದ್ದ: "ಲೈಟು ಹತ್ತಿದ್ರೆ ಅವ್ನಿಗೆ ಸಿಟ್ಟು ಬಂದೈತೆ ಅಂತ. ಮುಟ್ಬ್ಯಾಡ." ತ್ಸುಬುರಾಯಾ ಅವರ ಲೆಕ್ಕದಲ್ಲಿ ಅದು ಸುಸ್ತಿನ ಗುರುತು. ನಾನು ತಿದ್ದಲು ಹೋಗಲಿಲ್ಲ.

2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೇರಿತು. 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯವಾಯಿತು. ಹಳೆಯ ಅಗ್ಗದ ಮಾಲು ನನಗೀಗ ಸಿಗುವುದು ಕಡಿಮೆ. ಗುರುತಿರುವ ಬೊಂಬೆಯ ಬೆಲೆ ಕೇಳಿದ ಅಪ್ಪಂದಿರು ಮಗುವಿಗೆ ಬಲೂನು ಕೊಡಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ.