ಕಾವಲೂರಿನ ಕತ್ತಲಲ್ಲಿ ಮೊಮ್ಮಕ್ಕಳೊಡನೆ

ರಜೆ ಬಂತೆಂದರೆ ಮಕ್ಕಳನ್ನು ಕ್ಷೇತ್ರದರ್ಶನಕ್ಕೆ ಕರೆದೊಯ್ಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಈ ಸಲ ಜನವರಿಯ ಒಂದು ಶನಿವಾರ, ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಮೂವರು ಮೊಮ್ಮಕ್ಕಳೊಡನೆ ನಾವು ಹೊಸೂರಿನಿಂದ ಬೇರೊಂದು ದಾರಿ ಹಿಡಿದೆವು. ಕೃಷ್ಣಗಿರಿ, ವಾಣಿಯಂಬಾಡಿ, ಆಲಂಗಾಯಂ ದಾಟಿ ಜವ್ವಾದಿ ಬೆಟ್ಟ ಏರಿದರೆ ಕಾವಲೂರು. ಅಲ್ಲಿರುವುದೇ ವೈನು ಬಪ್ಪು ವೀಕ್ಷಣಾಲಯ.

ನಕ್ಷತ್ರ ನೋಡಲು ಹೋದ ಮಕ್ಕಳಿಗೆ ಮೊದಲು ಕಂಡದ್ದು ಕಾಡು. ಸುಮಾರು 100 ಎಕರೆ ಕಾಡುಭೂಮಿಯ ನಡುವೆ ದೂರದರ್ಶಕಗಳ ಗುಮ್ಮಟಗಳು. ಕಿರಿಯವಳು ಒಂದು ಟೊಂಗೆ ಮುರಿಯಲು ಕೈಯೆತ್ತಿದಳು. "ಏಕೇಂದ್ರಿಯ ಜೀವ, ಮುರೀಬೇಡ" ಎಂದು ಅಣ್ಣನೇ ತಡೆದ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಕಾಡಿನಲ್ಲಿ ಕೆಲಸಕ್ಕೆ ಬಂತೆಂದು ನಮಗೆ ಸಮಾಧಾನವಾಯಿತು.

ಈ ಸ್ಥಳವನ್ನು ಹುಡುಕಿ ಬೆಳೆಸಿದವರು ವಿಜ್ಞಾನಿ ವೈನು ಬಪ್ಪು. ಊರ ದೀಪಗಳಿಂದ ದೂರ, ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ದಕ್ಷಿಣದ ಆಕಾಶವೂ ಬಹುಪಾಲು ಕಾಣುತ್ತದೆ. 1968ರಲ್ಲಿ ಒಂದು ಚಿಕ್ಕ ದೂರದರ್ಶಕದಿಂದ ಕೆಲಸ ಶುರುವಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಒಂದು ನಕ್ಷತ್ರಕ್ಕೆ ಅಡ್ಡಬರುವ ಮುನ್ನವೇ ಆ ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿದ್ದನ್ನು ಇಲ್ಲಿಯವರೂ ದಾಖಲಿಸಿದರು. ಯುರೇನಸ್ಸಿಗೆ ಬಳೆಗಳಿವೆಯೆಂದು ಲೋಕಕ್ಕೆ ತಿಳಿದದ್ದು ಆ ರಾತ್ರಿಯ ವೀಕ್ಷಣೆಗಳಿಂದ. 2.34 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು. ಅದನ್ನು ಕಾಣಲು ಬಪ್ಪು ಇರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು. ಗಿಡ ನೆಟ್ಟವರು ಒಬ್ಬರು, ನೆರಳು ಕಂಡವರು ಇನ್ನೊಬ್ಬರು.

ಹೊತ್ತು ಮುಳುಗುವ ಮುನ್ನ ರಸ್ತೆಬದಿಯ ಮರದಡಿ ಬುತ್ತಿ ಬಿಚ್ಚಿ, ಚಪಾತಿ, ಮೊಸರನ್ನ ಮುಗಿಸಿ, ಸೋಸಿದ ನೀರು ಕುಡಿದೆವು. ಕತ್ತಲಾದ ಮೇಲೆ ಆವರಣದಲ್ಲಿ ದೀಪ ಹಚ್ಚುವಂತಿಲ್ಲ. ನಕ್ಷತ್ರದ ಮಂದ ಬೆಳಕಿಗೆ ದೀಪವೇ ವೈರಿ. ದೀಪಕ್ಕೆ ಹುಳುಗಳು ಮುತ್ತಿ ಸಾಯುತ್ತವೆಂದು ನಮ್ಮ ಹಿರಿಯರು ಹಗಲಲ್ಲೇ ಉಣ್ಣುತ್ತಿದ್ದುದನ್ನು ಮಕ್ಕಳಿಗೆ ನೆನಪಿಸಿದೆವು. ಕಾರಣ ಬೇರೆ, ಸಂಯಮ ಒಂದೇ.

ಸಂದರ್ಶಕರಿಗಾಗಿ ಇಟ್ಟ ಚಿಕ್ಕ ದೂರದರ್ಶಕದಲ್ಲಿ ಗುರುಗ್ರಹ ಕಂಡಿತು, ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕೆಗಳು. ಅವು ಗುರುವಿನ ಚಂದ್ರರಂತೆ. 1610ರಲ್ಲಿ ಗೆಲಿಲಿಯೋ ಕಂಡವೇ ಅವು. ಆಗ ಹಿರಿಯ ಮೊಮ್ಮಗ ಮೆಲ್ಲಗೆ ಕೇಳಿದ: "ತಾತ, ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು ಅಂತ ಬಸದೀಲಿ ಹೇಳಿಕೊಟ್ಟರು. ಇಲ್ಲಿ ಭೂಮಿಗೆ ಒಬ್ಬೊಬ್ಬರೇ ಅಂತಾರೆ. ಯಾವುದು ನಿಜ?"

ನಮಗೆ ಉತ್ತರ ತೋಚಲಿಲ್ಲ. ಇದೇ ಪ್ರಶ್ನೆಯನ್ನು ಹುಡುಗರಾಗಿದ್ದಾಗ ನಾವೂ ಕೇಳಿ ಬೈಸಿಕೊಂಡಿದ್ದೆವು. ಆಮೇಲೆ ಬಹಳ ವರ್ಷ ಏನನ್ನೂ ಕೇಳಲಿಲ್ಲ, ಧರ್ಮಗ್ರಂಥವನ್ನೂ ತೆರೆಯಲಿಲ್ಲ. ಆ ನಷ್ಟ ಇಂದಿಗೂ ತುಂಬಿಲ್ಲ. ಗದರಲು ಬಂದ ಮಾತನ್ನು ನುಂಗಿ ಹೇಳಿದೆವು: "ನೋಡಪ್ಪ, ನಮಗೆ ಪೂರ್ತಿ ತಿಳಿಯದು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಖಾತೆಪುಸ್ತಕ ಹರಿಯುತ್ತೇವೆಯೇ? ಸುಳ್ಳು ಬರೆದು ಸರಿಮಾಡುತ್ತೇವೆಯೇ? ಮತ್ತೆ ಮತ್ತೆ ಎಣಿಸುತ್ತೇವೆ. ನೀನು ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಬೇಡ. ಹಿರಿಯರು ಅಷ್ಟು ದೂರ ಯೋಚಿಸಿದ್ದನ್ನು ಹಗುರ ಮಾಡಬೇಡ. ಎರಡನ್ನೂ ಓದು."

ಹುಡುಗ ಮತ್ತೆ ದೂರದರ್ಶಕಕ್ಕೆ ಕಣ್ಣಿಟ್ಟ. ಊರಿಗೆ ಬಂದ ವಾರದಲ್ಲೇ ಬಸದಿಯಿಂದ ಲೋಕಸ್ವರೂಪದ ಪುಸ್ತಕ ತಂದು ಓದತೊಡಗಿದ್ದಾನೆ; ಶಾಲೆಯ ವಿಜ್ಞಾನದ ಪುಸ್ತಕ ಪಕ್ಕದಲ್ಲೇ ಇರುತ್ತದೆ.

ಬಂಧುಗಳೇ, ನೀವೂ ಮಕ್ಕಳನ್ನು ಇಂತಹ ಕಡೆ ಕರೆದೊಯ್ಯಿರಿ. ಪ್ರವೇಶದ ದಿನ, ಸಮಯ ಮೊದಲೇ ವಿಚಾರಿಸಿ, ಮೋಡವಿಲ್ಲದ ಕಾಲ ನೋಡಿ ಹೊರಡಿರಿ, ಬೆಚ್ಚನೆಯ ಬಟ್ಟೆಯಿರಲಿ. ಮಕ್ಕಳು ಪ್ರಶ್ನೆ ಕೇಳಿದರೆ ಮಾತ್ರ ಗದರಬೇಡಿರಿ. ಕೇಳುವ ಮಗು ಬಸದಿಯಿಂದ ದೂರವಾಗುವುದಿಲ್ಲ. ಬಾಯಿ ಮುಚ್ಚಿಸಿದ ಮಗು ದೂರವಾಗುತ್ತದೆ.